ಮೊದಲು ನಿಜ, ಬೆನ್ನಿಗೇ ಆಸರೆ



ಮಕ್ಕಳ ಮುಂದೆ ಸಾವಿನ ಮಾತೆತ್ತಬಾರದು ಎನ್ನುವ ನಾವೇ ಅವರಿಗೆ ‘ಗೋವಿನ ಹಾಡು’ ಕಲಿಸುತ್ತೇವೆ. ಪುಣ್ಯಕೋಟಿ ಎಂಬ ಹಸು ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡದ್ದನ್ನು ಕೊಂಡಾಡುತ್ತೇವೆ. ಅದು ತನ್ನ ಕರುವಿಗೂ ಸುಳ್ಳು ಹೇಳಲಿಲ್ಲ ಎಂಬುದನ್ನು ಮಾತ್ರ ಗಮನಿಸುವುದಿಲ್ಲ. ಹುಲಿಯ ಬಾಯಿಗೆ ಹೋಗುವ ಸಂಗತಿಯನ್ನು ತಾಯಿ ನೇರವಾಗಿ ತಿಳಿಸುತ್ತದೆ. ಕರು ಆತ್ಮ, ಪರಲೋಕಗಳ ವಿಚಾರ ಕೇಳುವುದಿಲ್ಲ. ಅದರ ಚಿಂತೆಯೆಲ್ಲ ಹಾಲು, ನಿದ್ದೆ, ಆಸರೆಯದು. ಪುಣ್ಯಕೋಟಿ ದೊಡ್ಡಿಯ ಉಳಿದ ಹಸುಗಳನ್ನು ಕರೆದು ಕರುವನ್ನು ಅವುಗಳಿಗೆ ಒಪ್ಪಿಸುತ್ತದೆ. ಪುಟ್ಟ ಮಕ್ಕಳೊಡನೆ ಸಾವಿನ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ಹೆಣ ಎತ್ತುವ ಹೊತ್ತಿಗೆ ಮಗುವನ್ನು ಪಕ್ಕದ ಮನೆಗೆ ಸಾಗಿಸುತ್ತೇವೆ. ‘ಅಜ್ಜ ಊರಿಗೆ ಹೋಗಿದ್ದಾರೆ’ ಎಂದರೆ ಅದು ಬಾಗಿಲು ಕಾಯುತ್ತದೆ. ‘ಮಲಗಿದ್ದಾರೆ’ ಎಂದರೆ ರಾತ್ರಿ ಕಣ್ಣು ಮುಚ್ಚಲು ಹೆದರೀತು. ‘ದೇವರು ಕರೆದುಕೊಂಡ’ ಎಂದರೆ, ನಾಳೆ ಅಮ್ಮನನ್ನೂ ಕರೆದುಕೊಂಡರೆ ಎಂಬ ದಿಗಿಲು.

ಹಂಗೇರಿಯ ಮನೋವಿಜ್ಞಾನಿ ಮಾರಿಯಾ ನಾಗಿ 3ರಿಂದ 10 ವರ್ಷದ 378 ಮಕ್ಕಳ ಮನಸ್ಸನ್ನು ಶೋಧಿಸಿ, 1948ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದು ತುಂಬದ ಮಕ್ಕಳು ಸಾವನ್ನು ನಿದ್ದೆಯೆಂದೋ ಪ್ರಯಾಣವೆಂದೋ ಬಗೆಯುತ್ತಾರೆ ಎಂಬುದು ಅವರ ಕಾಣ್ಕೆ. ಹಾಗಾದರೆ ‘ಮಲಗಿದ್ದಾರೆ’, ‘ಊರಿಗೆ ಹೋಗಿದ್ದಾರೆ’ ಎಂಬ ನಮ್ಮ ಮಾತುಗಳು ಮಗುವಿನ ತಪ್ಪು ತಿಳಿವಳಿಕೆಯನ್ನೇ ಗಟ್ಟಿ ಮಾಡುತ್ತವೆ.

ಮಗುವಿಗೆ ನಿಧಾನವಾಗಿ ತಿಳಿಯಬೇಕಾದವು ನಾಲ್ಕು: ಸತ್ತವರು ಮರಳುವುದಿಲ್ಲ, ಅವರ ದೇಹಕ್ಕೆ ಉಸಿರು, ಹಸಿವು, ನೋವು ಇರುವುದಿಲ್ಲ, ಸಾವು ಎಲ್ಲರಿಗೂ ಉಂಟು, ಅದಕ್ಕೊಂದು ಕಾರಣವಿರುತ್ತದೆ. ಎಡೆ ಇಟ್ಟಾಗ ‘ಅಜ್ಜ ಬಂದು ಉಣ್ತಾರಾ?’ ಎಂದು ಮಗು ಕೇಳಿದರೆ ಗದರಬೇಡಿ. ‘ಅಜ್ಜನಿಗೆ ಈಗ ಹಸಿವಾಗಲ್ಲ ಕಂದ, ಅವರಿಗೆ ಇಷ್ಟವಾಗಿದ್ದನ್ನ ನೆನಪಿಗೆ ಇಡ್ತೀವಿ’ ಎನ್ನಿ. ಮನೆಯ ನಂಬಿಕೆಯ ಮಾತು ಈ ನಿಜದ ಜೊತೆಗೆ ಬರಲಿ, ಅದರ ಬದಲಿಗೆ ಬೇಡ. ಕಾರಣವನ್ನೂ ಬಿಡಿಸಿ ಹೇಳಬೇಕು. ಜಗಳದಲ್ಲಿ ‘ನೀನು ಸಾಯಿ’ ಎಂದಿದ್ದ ಮಗು, ತಮ್ಮ ಸತ್ತದ್ದು ತನ್ನ ಮಾತಿನಿಂದಲೇ ಎಂದು ಒಳಗೊಳಗೇ ಬೇಯಬಹುದು. ‘ಜ್ವರದಿಂದ ಸತ್ತರು’ ಎಂದಷ್ಟೇ ಹೇಳಿದರೆ ಮುಂದಿನ ನೆಗಡಿ ಜ್ವರಕ್ಕೂ ನಡುಗೀತು.

ಹೀಗೆ ನೇರವಾಗಿ ಹೇಳಿದವರೂ ಇದ್ದಾರೆ. ಅಮೆರಿಕದ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಟಿ.ವಿ. ಕಾರ್ಯಕ್ರಮದಲ್ಲಿ ಅಂಗಡಿಯವ ಹೂಪರ್ ಪಾತ್ರ ಮಾಡುತ್ತಿದ್ದ ನಟ ವಿಲ್ ಲೀ 1982ರಲ್ಲಿ ತೀರಿಕೊಂಡರು. ನಿರ್ಮಾಪಕರು ಬೇರೆ ನಟನನ್ನು ತರಲಿಲ್ಲ, ಹೂಪರ್ ಊರು ಬಿಟ್ಟರೆಂದು ಕಥೆ ಕಟ್ಟಲೂ ಇಲ್ಲ. 1983ರ ನವೆಂಬರ್‌ನ ಕಂತಿನಲ್ಲಿ, ಹೂಪರ್ ಸತ್ತಿದ್ದಾರೆ, ಇನ್ನು ಬರುವುದಿಲ್ಲ ಎಂದು ಬಿಗ್ ಬರ್ಡ್ ಎಂಬ ಹಕ್ಕಿಗೆ ದೊಡ್ಡವರು ಹೇಳಿದರು. ತನಗಿನ್ನು ಕಾಳಿನ ಪಾನೀಯ ಮಾಡಿಕೊಡುವವರು, ಕಥೆ ಹೇಳುವವರು ಯಾರು ಎಂದು ಹಕ್ಕಿ ಕೇಳಿತು. ಆ ಕೆಲಸ ನಮ್ಮದು ಎಂದು ದೊಡ್ಡವರು ಒಪ್ಪಿಕೊಂಡರು. ನಮ್ಮ ಕರುವಿನ ಚಿಂತೆಯೇ ಆ ಹಕ್ಕಿಯದೂ ಆಗಿತ್ತು.

‘ಅಮ್ಮಾ, ನೀನೂ ಸಾಯ್ತೀಯಾ?’ ಎಂಬ ಪ್ರಶ್ನೆಯ ಒಳಗಿರುವುದೂ ಅದೇ ಚಿಂತೆ. ‘ಎಲ್ಲರೂ ಒಂದಲ್ಲ ಒಂದು ದಿನ ಸಾಯ್ತಾರೆ. ನಾನು ತುಂಬಾ ವರ್ಷ ನಿನ್ನ ಜೊತೆ ಇರ್ತೀನಿ ಅಂದುಕೊಂಡಿದ್ದೀನಿ. ಅಪ್ಪ, ಅತ್ತೆ, ಅಜ್ಜಿ ಎಲ್ಲಾ ಇದ್ದಾರೆ’ ಎಂಬಷ್ಟು ಸಾಕು. ಅಷ್ಟು ಕೇಳಿ ಮಗು ಆಟಕ್ಕೆ ಓಡಿದರೆ ಅದಕ್ಕೆ ದುಃಖವಿಲ್ಲ ಎಂದಲ್ಲ. ನಾಳೆ ಅದೇ ಪ್ರಶ್ನೆ ಕೇಳೀತು; ಅದೇ ಉತ್ತರ ಕೊಡಿ.

ಶಿಕ್ಷಕರಲ್ಲಿ ಒಂದು ಕೋರಿಕೆ. ಸೂತಕ ಕಳೆದು ಶಾಲೆಗೆ ಮರಳಿದ ಮಗುವಿನ ಮುಂದೆ ಏನೂ ಆಗದವರಂತೆ ಇರಬೇಡಿ. ಹತ್ತಿರ ಕರೆದು, ಸತ್ತವರ ಹೆಸರು ಹಿಡಿದು ಮಾತಾಡಿಸಿ. ಪೋಷಕರೇ, ಮನೆಯಲ್ಲಿ ಸಾವಾಗುವವರೆಗೆ ಕಾಯಬೇಡಿ. ಅಂಗಳದಲ್ಲಿ ಸತ್ತ ಗುಬ್ಬಿಮರಿಯನ್ನು ಮಗು ತೋರಿಸಿದ ದಿನವೇ ಈ ಮಾತು ಶುರುಮಾಡಿ.