ಏರೋಪ್ಲೇನ್ ಚಿಟ್ಟೆಯ ಮನೆತನ

ಮಳೆ ಹೊಯ್ದು ನಿಂತ ಸಂಜೆ ಬಯಲಿನ ಮೇಲೆ ಹೊಂಬಣ್ಣದ ಹುಳುಗಳು ಗುಂಪುಗುಂಪಾಗಿ ತೇಲಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಕ್ಕಳು ಇವನ್ನು ಏರೋಪ್ಲೇನ್ ಚಿಟ್ಟೆಗಳೆನ್ನುವರು. ಹೆಸರೇನೋ ಸೊಗಸಾಗಿದೆ; ಆದರೆ ಇವು ಚಿಟ್ಟೆಗಳಲ್ಲ. ಚಿಟ್ಟೆ ಹೂವಿನ ಮಧುವನ್ನು ಹೀರುವುದು. ಇವು ಸೊಳ್ಳೆ ನೊಣಗಳನ್ನು ಹಾರುತ್ತಿರುವಂತೆಯೇ ಹಿಡಿದು ತಿನ್ನುವುವು.

ಇವುಗಳಲ್ಲಿ ಲಿಬೆಲ್ಯುಲಿಡೆ ಎಂಬ ಒಂದು ಮನೆತನಕ್ಕೆ ಸೇರಿದ ಪ್ರಭೇದಗಳೇ ಪ್ರಪಂಚದಲ್ಲಿ 1000ಕ್ಕೂ ಹೆಚ್ಚಾಗಿವೆ. ಸೈನ್ಯದ ವೈದ್ಯರಾಗಿದ್ದ ಫ್ರೇಜರ್ ಎಂಬವರು ಅಂದಿನ ಬ್ರಿಟಿಷ್ ಇಂಡಿಯಾದ ಇಂಥ ಕೀಟಗಳನ್ನು ಮೂರು ಸಂಪುಟಗಳಲ್ಲಿ ವರ್ಣಿಸಿದರು. ಈ ಮನೆತನವನ್ನೊಳಗೊಂಡ ಕೊನೆಯ ಸಂಪುಟ 1936ರಲ್ಲಿ ಹೊರಬಂದಿತು.

ರೆಕ್ಕೆಗಳನ್ನು ನೋಡಿ ಇವನ್ನು ಗಾಳಿಯ ಜೀವಿಗಳೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಇವು ನೀರಿನ ಮಕ್ಕಳು. ಮರಿ ನೀರಿನಲ್ಲಿಯೇ ಬೆಳೆಯುವುದು. ಮಡಿಸಿಟ್ಟ ಕೆಳದುಟಿಯನ್ನು ಥಟ್ಟನೆ ಮುಂದಕ್ಕೆ ಚಾಚಿ ಬೇಟೆಯನ್ನು ಹಿಡಿಯುವುದು. ಅದರ ಕಿವಿರುಗಳಿರುವುದು ಗುದದ್ವಾರದ ಒಳಗೆ! ಅಲ್ಲಿಗೆ ಎಳೆದುಕೊಂಡ ನೀರನ್ನು ರಭಸದಿಂದ ಹಿಂದಕ್ಕೆ ಚಿಮ್ಮಿ ತಾನು ಮುಂದಕ್ಕೆ ನುಗ್ಗುವುದು.

ನೀರಿನ ನೆಲೆ ಬೇರೆಯಾದಂತೆ ಪ್ರಭೇದವೂ ಬೇರೆ. ಗಂಡಿನ ರೆಕ್ಕೆಯಲ್ಲಿ ಕಪ್ಪು ಬಿಳುಪಿನ ಪಟ್ಟೆಗಳುಳ್ಳ ಒಂದು ಬಗೆ ಭತ್ತದ ಗದ್ದೆಗಳಲ್ಲಿ ಸುಳಿದಾಡುವುದು. ಕಲ್ಲಿನ ಬಣ್ಣದ ಮತ್ತೊಂದು ಬಂಡೆಗೆ ಅಂಟಿಕೊಂಡು ಕುಳಿತರೆ ಕಣ್ಣಿಗೆ ಬೀಳದು. ಅದರ ಮರಿಗಳಿಗೆ ಮನೆಯ ಸಿಮೆಂಟು ತೊಟ್ಟಿಯೂ ಸಾಕು. ಇನ್ನೊಂದರ ಗಂಡು ಕೆನ್ನೇರಳೆ, ಹೆಣ್ಣು ಹಳದಿ; ಎರಡೂ ಒಂದೇ ಜಾತಿಯೆಂದರೆ ಹೊಸಬರು ನಂಬಲಾರರು. ಮೊದಲು ಹೇಳಿದ ಹೊಂಬಣ್ಣದ ಹುಳುವಿಗೆ ಬೇಗನೆ ಬತ್ತುವ ಮಳೆಯ ಹೊಂಡವೇ ತೊಟ್ಟಿಲು. ಆದಕಾರಣ ಅದರ ಮರಿ ಸುಮಾರು ಎರಡು ತಿಂಗಳೊಳಗೆ ಬೆಳೆದು ರೆಕ್ಕೆ ಪಡೆಯುವುದು. ಅಕ್ಟೋಬರ್ ತಿಂಗಳಲ್ಲಿ ಇವು ಮಾಲ್ಡೀವ್ಸ್ ದ್ವೀಪಗಳಲ್ಲಿ ಲಕ್ಷೋಪಲಕ್ಷವಾಗಿ ಬಂದಿಳಿಯುತ್ತವೆ. ಅಲ್ಲಿಯೋ ನೆಲದ ಮೇಲೆ ಸಿಹಿನೀರು ಬಲು ವಿರಳ. ಇವು ಭಾರತದಿಂದ ಹೊರಟು, ಸಮುದ್ರವನ್ನು ದಾಟಿ ಆಫ್ರಿಕಾಕ್ಕೆ ಹೋಗುತ್ತಿರಬೇಕೆಂದು ಆಂಡರ್ಸನ್ ಎಂಬ ಜೀವವಿಜ್ಞಾನಿಗಳು 2009ರಲ್ಲಿ ಪ್ರತಿಪಾದಿಸಿದರು. ಎರಡಂಗುಲದ ದೇಹಕ್ಕೆ ಎಂಥ ಪ್ರಯಾಣ!

ಕೊಳಚೆಯನ್ನು ಸಹಿಸಿಕೊಳ್ಳುವ ಕಿತ್ತಳೆ ಬಣ್ಣದ ಒಂದು ಪ್ರಭೇದವೂ ಉಂಟು. ನಾವು ವಿದ್ಯಾರ್ಥಿಗಳಾಗಿದ್ದಾಗ ಊರ ಹೊರಗಣ ಕೆರೆಯೊಂದರ ದಡದಲ್ಲಿ ಕುಳಿತು, ಒಂದು ಬೆಳಗಿನಲ್ಲಿ ಒಂಬತ್ತು ಬಗೆಯ ಏರೋಪ್ಲೇನ್ ಚಿಟ್ಟೆಗಳನ್ನು ಎಣಿಸಿದ್ದೆವು. ಅನಂತರ ಆ ಕೆರೆಗೆ ಚರಂಡಿಯ ನೀರನ್ನು ಬಿಟ್ಟರು. ಕಳೆದ ವರ್ಷ ಅದೇ ಕಲ್ಲಿನ ಮೇಲೆ ಮಧ್ಯಾಹ್ನದವರೆಗೆ ಕಾದು ಕುಳಿತೆವು. ರೆಕ್ಕೆಗಳಿಗೇನೂ ಕೊರತೆಯಿರಲಿಲ್ಲ; ನೂರಾರು ಹಾರುತ್ತಿದ್ದವು. ಎಲ್ಲವೂ ಕಿತ್ತಳೆ ಬಣ್ಣದವೇ.