ದೊಡ್ಡ ಕಣ್ಣಿನ ಮಸೂರ ಬೇಕೇ?



ಕಾಲೇಜಿನ ಸಂಜೆಯ ನಾಟಕಕ್ಕೆ ರೇಂಜ್‌ಫೈಂಡರ್ ಕ್ಯಾಮೆರಾ ಹಿಡಿದು ಹೋದ ನಿಮಗೆ ಒಂದು ಆಸೆ ಹುಟ್ಟುವುದು ಸಹಜ: ಇನ್ನೂ ಹೆಚ್ಚು ಬೆಳಕು ಒಳಬಿಡುವ ಮಸೂರ ಇದ್ದಿದ್ದರೆ! ಛಾಯಾಗ್ರಾಹಕರು ಇದನ್ನು 'ಫಾಸ್ಟ್ ಲೆನ್ಸ್' ಎನ್ನುತ್ತಾರೆ. ಬೆಲೆಯೋ ದುಬಾರಿ. ಹಣ ಎಣಿಸುವ ಮುನ್ನ ಸ್ವಲ್ಪ ಲೆಕ್ಕ ಹಾಕೋಣ.

ಮಸೂರದ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 50 ಮಿ.ಮೀ. ಮಸೂರದಲ್ಲಿ ಎಫ್ 2 ಎಂದರೆ ರಂಧ್ರ 25 ಮಿ.ಮೀ.; ಎಫ್ 1.4 ಎಂದರೆ ಸುಮಾರು 36. ವಿಸ್ತೀರ್ಣ ಇಮ್ಮಡಿಯಾಗುವುದರಿಂದ ಬೆಳಕೂ ಇಮ್ಮಡಿ. ಈಗ ನಿಮ್ಮಲ್ಲಿರುವುದು ಎಫ್ 2.8 ಎಂದಿಟ್ಟುಕೊಳ್ಳಿ. ಎಫ್ 1.4ಕ್ಕೆ ಹೋದರೆ ನಾಲ್ಕು ಪಟ್ಟು ಬೆಳಕು. ಸೆಕೆಂಡಿನ 1/15 ಭಾಗ ತೆರೆದಿರಬೇಕಾದ ಶಟರ್ 1/60ಕ್ಕೆ ಮುಚ್ಚಿಕೊಳ್ಳುತ್ತದೆ. ತಲೆ ತಿರುಗಿಸುವ ನಟನ ಮುಖ ಕಲಸಿಹೋಗುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಇದೇ. ಆದರೆ ಎಫ್ 2 ಈಗಾಗಲೇ ಇದ್ದರೆ ಲಾಭ ಒಂದೇ ಮೆಟ್ಟಿಲು. 400 ಐಎಸ್‌ಒ ಕಪ್ಪು-ಬಿಳುಪು ಫಿಲ್ಮನ್ನು 800 ಎಂದು ಭಾವಿಸಿ ಬಳಸಿ, ಹೆಚ್ಚು ಹೊತ್ತು ಡೆವಲಪ್ ಮಾಡಿದರೂ ಆ ಮೆಟ್ಟಿಲು ಬಹುಮಟ್ಟಿಗೆ ಸಿಗುತ್ತದೆ. ಕಣಗಳು ಸ್ವಲ್ಪ ದಪ್ಪವಾಗುತ್ತವೆ, ಅಷ್ಟೆ. ಡಿಜಿಟಲ್ ಕ್ಯಾಮೆರಾದಲ್ಲಂತೂ ಒಂದು ಗುಂಡಿ ತಿರುಗಿಸಿದರೆ ಸಾಕು.

ಎಸ್‌ಎಲ್‌ಆರ್ ಕ್ಯಾಮೆರಾದವರ ಮಾತನ್ನು ಇಲ್ಲಿ ಹಾಗೆಯೇ ನಂಬಬೇಡಿ. ಅವರು ನೋಡುವುದು ಮಸೂರದ ಮೂಲಕ. ದೊಡ್ಡ ರಂಧ್ರವಿದ್ದರೆ ಕತ್ತಲಲ್ಲಿ ದೃಶ್ಯ ಬೆಳ್ಳಗೆ ಕಾಣುತ್ತದೆ. ನಮ್ಮದರಲ್ಲಿ ನೋಡುವ ಕಿಂಡಿಯೇ ಬೇರೆ. ಯಾವ ಮಸೂರ ಹಾಕಿದರೂ ಅದರ ಬೆಳಕು ಅಷ್ಟೇ. ಮೇಲಾಗಿ ದಪ್ಪ ಮಸೂರ ಆ ಕಿಂಡಿಯ ಒಂದು ಮೂಲೆಗೆ ಅಡ್ಡ ಬರುತ್ತದೆ!

ಇನ್ನು ಫೋಕಸ್. ಒಂದು ಮೀಟರ್ ದೂರದ ಮುಖವನ್ನು 50 ಮಿ.ಮೀ. ಮಸೂರದ ಎಫ್ 2.8ರಲ್ಲಿ ತೆಗೆದರೆ ಆರೇಳು ಸೆಂಟಿಮೀಟರ್ ಆಳ ಸ್ಪಷ್ಟವಾಗಿರುತ್ತದೆ, ಎಫ್ 1.4ರಲ್ಲಿ ಅದರ ಅರ್ಧ. ಕಣ್ಣು ಸರಿಯಾಗಿ ಬಂದರೆ ಕಿವಿ ಮಂಜು. ರೇಂಜ್‌ಫೈಂಡರ್ ಎರಡು ಕಿಂಡಿಗಳ ಬಿಂಬಗಳನ್ನು ಕೂಡಿಸಿ ದೂರ ಅಳೆಯುವುದರಿಂದ, ಆ ಕಿಂಡಿಗಳ ಅಂತರ ಮತ್ತು ನೋಟದ ವರ್ಧನೆ ಹೆಚ್ಚಿದ್ದಷ್ಟೂ ಅಳತೆ ಖಚಿತ. ಇವೆರಡರ ಗುಣಲಬ್ಧ 1954ರ ಲೈಕಾ ಎಂ3ರಲ್ಲಿ ಸುಮಾರು 62 ಮಿ.ಮೀ.; 1973ರ ಪುಟ್ಟ ಲೈಕಾ ಸಿಎಲ್‌ನಲ್ಲಿ ಸುಮಾರು 19 ಮಾತ್ರ. ಒಂದೇ ಮಸೂರ ಮೊದಲನೆಯದರಲ್ಲಿ ನೆಂಟ, ಎರಡನೆಯದರಲ್ಲಿ ತಂಟೆ. ಕ್ಯಾನನ್ ಸಂಸ್ಥೆ 1961ರಲ್ಲಿ ಎಫ್ 0.95ರ ಮಸೂರವನ್ನೇ ತನ್ನ ರೇಂಜ್‌ಫೈಂಡರಿಗೆ ಕೊಟ್ಟಿತು. ಹೆಸರೇನೋ ಬಂತು, ಆದರೆ ಪೂರ್ಣ ತೆರೆದಾಗ ಚಿತ್ರ ಬಹಳ ಮೃದು.

ನನ್ನ ಅಭಿಪ್ರಾಯ ಕೇಳಿದರೆ, ಎಫ್ 2.8 ಇರುವವರು, ಅದೂ ಒಳಾಂಗಣದಲ್ಲಿ ಓಡಾಡುವ ಜನರನ್ನೇ ಹೆಚ್ಚಾಗಿ ತೆಗೆಯುವವರು, ಕೊಳ್ಳುವ ಯೋಚನೆ ಮಾಡಬಹುದು. ಎಫ್ 2 ಇರುವವರು ತಡೆಯಲಿ. ಮುಂದಿನ ಎರಡು ರೋಲುಗಳಿಗೆ ಪ್ರತಿ ಚಿತ್ರದ ಶಟರ್ ವೇಗ, ರಂಧ್ರ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೆಗೆಟಿವನ್ನು ಭೂತಗನ್ನಡಿಯಲ್ಲಿ ನೋಡಿ, ಕೆಟ್ಟವುಗಳಲ್ಲಿ ಕದಲಿದ್ದೆಷ್ಟು, ಫೋಕಸ್ ತಪ್ಪಿದ್ದೆಷ್ಟು ಎಂದು ಬೇರ್ಪಡಿಸಿ. ಫೋಕಸ್ ತಪ್ಪಿದ್ದೇ ಹೆಚ್ಚಾಗಿದ್ದರೆ, ಹೊಸ ಮಸೂರದ ಅಂಗಡಿಗಿಂತ ಮೊದಲು ಕ್ಯಾಮೆರಾ ರಿಪೇರಿಯವರ ಬಳಿ ಹೋಗಿ, ರೇಂಜ್‌ಫೈಂಡರನ್ನು ಸರಿಹೊಂದಿಸಿಕೊಂಡು ಬನ್ನಿ.