ಊರ ಕಲ್ಲಿನ ಪಾಠ

ಎಂಟು ವರ್ಷದ ಮಗುವಿನ ತಲೆಯಲ್ಲಿ ಇಸವಿ ನಿಲ್ಲುವುದು ಕಷ್ಟ; ಕತೆ ನಿಲ್ಲುತ್ತದೆ. ಹಾಗಾಗಿ ಇತಿಹಾಸದ ಪಾಠ ಊರ ವೀರಗಲ್ಲಿನಿಂದಲೇ ಶುರುವಾಗಲಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ವೀರ. ಅಕ್ಷರ ಬಾರದ ಮಗುವೂ ಇದನ್ನು ಓದಬಲ್ಲದು. ಯಾಕೆ ಹೋರಾಡಿದ? ಎಷ್ಟೋ ಕಲ್ಲುಗಳ ಉತ್ತರ: ಹಗೆಗಳು ಹೊಡೆದೊಯ್ದ ಊರ ದನಗಳನ್ನು ಬಿಡಿಸಲು.

ಹೀಗಾದರೆ ದೊಡ್ಡ ಅರಸರು ಮರೆಯಾಗುವುದಿಲ್ಲವೇ ಎನ್ನುವವರಿದ್ದಾರೆ. ಇಲ್ಲ. ಬೇಗೂರಿನಲ್ಲಿ ಸುಮಾರು ಕ್ರಿ.ಶ. 900ರ ಶಾಸನವೊಂದು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಅದರ ಜಾಡು ಹಿಡಿದ ಮಗು ತಾನಾಗಿಯೇ ಗಂಗ ಅರಸರ ಬಳಿಗೆ ಬರುತ್ತದೆ. ಅಪ್ಸರೆಯರು ನಿಜವೇ ಎಂದೂ ಕೇಳೀತು. ಕೇಳಲಿ, ಸಾಕ್ಷಿ ಬೇರೆ, ನಂಬಿಕೆ ಬೇರೆ ಎಂಬ ತಿಳಿವು ಅಲ್ಲೇ ಹುಟ್ಟುವುದು. ಶಿಕ್ಷಕರೇ, ಈ ವಾರ ಒಂದು ತರಗತಿಯನ್ನು ನಿಮ್ಮೂರ ವೀರಗಲ್ಲಿನ ಬಳಿಯೇ ನಡೆಸಿ.